ಅಂಕಿ ದಾಟಿತು, ಬಣ್ಣ ದಾಟಲಿಲ್ಲ

ಕಂಪ್ಯೂಟರಿನೊಳಗೆ ಬಣ್ಣ ಎಂಬುದೇ ಇಲ್ಲ, ಅಲ್ಲಿರುವುದು ಬರೀ ಅಂಕಿ. ಪರದೆಯ ಮೇಲೆ ನಾವು ನೋಡುವ ಕುಂಕುಮದ ಕೆಂಪು, ಬಾಳೆ ಎಲೆಯ ಹಸಿರು, ಮುಸ್ಸಂಜೆಯ ನೇರಳೆ ಎಲ್ಲವೂ ಕಡತದೊಳಗೆ ಮೂರು ಮೂರು ಸಂಖ್ಯೆಗಳಾಗಿ ಕೂತಿರುತ್ತವೆ: ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು. ಸಾಮಾನ್ಯವಾಗಿ ಪ್ರತಿಯೊಂದೂ 0ಯಿಂದ 255ರ ಒಳಗಿನದು. ಸಂಖ್ಯೆಯನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವುದು ಸುಲಭದ ಕೆಲಸ. 200 ಎಂಬುದು ಎಲ್ಲಿಗೆ ಹೋದರೂ 200ರಂತೆಯೇ ಇರುತ್ತದೆ. ಹಾಗಿದ್ದರೂ 1980ರ ದಶಕದ ಕೊನೆಯಿಂದ ಸುಮಾರು ಇಪ್ಪತ್ತು ವರ್ಷ, ಚಿತ್ರದ ಸಾಫ್ಟ್‌ವೇರುಗಳನ್ನು ಮ್ಯಾಕಿಂಟಾಷ್‌ನಿಂದ ವಿಂಡೋಸ್‌ಗೆ, ಯುನಿಕ್ಸ್‌ನಿಂದ ಮ್ಯಾಕ್‌ಗೆ ಒಯ್ದವರು ಮತ್ತೆ ಮತ್ತೆ ಎದುರಿಸಿದ ಸಮಸ್ಯೆ ಒಂದೇ. ಅಂಕಿ ತಪ್ಪಿಲ್ಲದೆ ಬಂದಿದೆ, ಬಣ್ಣ ಮಾತ್ರ ಬೇರೆಯಾಗಿದೆ. ಮನುಷ್ಯರ ಮುಖ ನೀಲಿಯಾಗಿದೆ, ಆಕಾಶ ಕಿತ್ತಳೆಯಾಗಿದೆ, ನಡುಹಗಲಿನ ಚಿತ್ರ ಮೋಡ ಕವಿದಂತೆ ಕಪ್ಪಾಗಿದೆ.

ಒಂದು ಬಗೆಯ ಯಂತ್ರಕ್ಕೆಂದು ಬರೆದ ಸಾಫ್ಟ್‌ವೇರನ್ನು ಇನ್ನೊಂದು ಬಗೆಯ ಯಂತ್ರದಲ್ಲಿ ನಡೆಯುವಂತೆ ತಿದ್ದಿ ಬರೆಯುವುದಕ್ಕೆ ಪೋರ್ಟಿಂಗ್ ಎನ್ನುತ್ತಾರೆ. ಅನುವಾದ ಮಾಡಿದವರಿಗೆ ಈ ಕೆಲಸದ ಕಷ್ಟ ಬೇಗ ಅರ್ಥವಾದೀತು. ಮೂಲ ಲೇಖಕ ಬರೆದದ್ದನ್ನು ಅನುವಾದಿಸುವುದು ಒಂದು ಪಾಲು. ತನ್ನ ಊರಿನ ಓದುಗನಿಗೆ ಗೊತ್ತೇ ಇದೆ ಎಂದು ಲೇಖಕ ಬರೆಯದೆ ಬಿಟ್ಟದ್ದನ್ನು ಹುಡುಕುವುದು ಇನ್ನೊಂದು ಪಾಲು, ಮತ್ತು ಕಷ್ಟದ ಪಾಲು. ಬಣ್ಣದ ಬಗ್‌ಗಳ ಇತಿಹಾಸ ಈ ಎರಡನೆಯ ಪಾಲಿನದು. ಪ್ರತಿಯೊಂದು ಬಗ್‌ನ ಹಿಂದೆಯೂ ಯಾರೂ ಬರೆದಿಡದ ಒಂದು ಒಪ್ಪಂದ ಇರುತ್ತದೆ. ಊರೊಳಗೆ ಅದು ಎಲ್ಲರಿಗೂ ಗೊತ್ತು. ಊರ ಗಡಿ ದಾಟಿದ ಮೇಲೆ ಅದನ್ನು ಬಲ್ಲವರು ಯಾರೂ ಇರುವುದಿಲ್ಲ.

ಮೊದಲ ಒಪ್ಪಂದ ಅಂಕಿಗಳ ಸಾಲಿಗೆ ಸಂಬಂಧಿಸಿದ್ದು. ಕನ್ನಡದಲ್ಲಿ ನಾವು 25ನ್ನು ಇಪ್ಪತ್ತೈದು ಎನ್ನುತ್ತೇವೆ, ಹತ್ತರ ಸ್ಥಾನ ಮೊದಲು. ಸಂಸ್ಕೃತದಲ್ಲಿ ಅದು ಪಂಚವಿಂಶತಿ, ಬಿಡಿ ಸ್ಥಾನ ಮೊದಲು. ಹಳೆಯ ಶಾಸನಗಳಲ್ಲೂ ಗ್ರಂಥಗಳಲ್ಲೂ ಶಕವರ್ಷವನ್ನು ಪದಗಳಲ್ಲಿ ಹೇಳುವ ಭೂತಸಂಖ್ಯೆಯ ಪದ್ಧತಿ ಇತ್ತು. ನೇತ್ರ ಎಂದರೆ ಎರಡು, ವೇದ ಎಂದರೆ ನಾಲ್ಕು. ‘ನೇತ್ರ, ವೇದ’ ಎಂದು ಬರೆದಿದ್ದರೆ ಅದು 24 ಅಲ್ಲ, 42. ಅಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಜೋಡಿಸಿಕೊಳ್ಳಬೇಕು. ಈ ನಿಯಮ ತಿಳಿಯದವನು ಪದಗಳನ್ನೆಲ್ಲ ಸರಿಯಾಗಿಯೇ ಓದಿ, ವರ್ಷವನ್ನು ಮಾತ್ರ ತಪ್ಪಾಗಿ ಹೇಳುತ್ತಾನೆ.

ಕಂಪ್ಯೂಟರುಗಳಲ್ಲಿ ಆದದ್ದೂ ಇದೇ. ಒಂದು ಬೈಟ್‌ನಲ್ಲಿ ಹಿಡಿಸದ ಸಂಖ್ಯೆಯನ್ನು ಎರಡು ಅಥವಾ ನಾಲ್ಕು ಬೈಟ್‌ಗಳಲ್ಲಿ ಇಡಬೇಕಾಗುತ್ತದೆ. ದೊಡ್ಡ ಸ್ಥಾನದ ಬೈಟ್ ಮೊದಲು ಬರಬೇಕೆ, ಚಿಕ್ಕ ಸ್ಥಾನದ್ದು ಮೊದಲು ಬರಬೇಕೆ? 1984ರ ಮೊದಲ ಮ್ಯಾಕಿಂಟಾಷ್‌ನಲ್ಲಿದ್ದ ಮೋಟೊರೋಲ 68000 ಪ್ರೊಸೆಸರ್ ದೊಡ್ಡದನ್ನು ಮೊದಲು ಇಡುತ್ತಿತ್ತು. ಐಬಿಎಂ ಪಿಸಿ ಸಾಲಿನ ಯಂತ್ರಗಳಲ್ಲಿದ್ದ ಇಂಟೆಲ್ ಪ್ರೊಸೆಸರುಗಳು ಚಿಕ್ಕದನ್ನು ಮೊದಲು ಇಡುತ್ತಿದ್ದವು. ಈ ಎರಡು ಪಂಗಡಗಳಿಗೆ ಹೆಸರಿಟ್ಟ ಡ್ಯಾನಿ ಕೋಹೆನ್ ಆ ಹೆಸರುಗಳನ್ನು ಸಾಹಿತ್ಯದಿಂದ ತಂದರು. ಜೊನಾಥನ್ ಸ್ವಿಫ್ಟ್‌ನ 1726ರ ‘ಗಲಿವರ್ಸ್ ಟ್ರಾವೆಲ್ಸ್’ನಲ್ಲಿ, ಲಿಲಿಪುಟ್ಟಿನ ಗೇಣುದ್ದದ ಜನ ಬೇಯಿಸಿದ ಮೊಟ್ಟೆಯನ್ನು ದಪ್ಪ ತುದಿಯಿಂದ ಒಡೆಯಬೇಕೋ ಸಣ್ಣ ತುದಿಯಿಂದ ಒಡೆಯಬೇಕೋ ಎಂದು ಕಾದಾಡುತ್ತಾರೆ, ಸಾಯಲೂ ಸಿದ್ಧರಾಗುತ್ತಾರೆ. ಕೋಹೆನ್ 1980ರ ಏಪ್ರಿಲ್ 1ರ ತಾರೀಕು ಹಾಕಿ ಬರೆದ ಟಿಪ್ಪಣಿಯಲ್ಲಿ ಕಂಪ್ಯೂಟರ್ ತಯಾರಕರನ್ನೂ ಬಿಗ್ ಎಂಡಿಯನ್, ಲಿಟ್ಲ್ ಎಂಡಿಯನ್ ಎಂದು ಹಾಗೆಯೇ ಎರಡು ಪಾಲು ಮಾಡಿದರು. ತಾರೀಕು ಮೂರ್ಖರ ದಿನದ್ದಾದರೂ ಮಾತು ಗಂಭೀರವಾಗಿತ್ತು. ಯಾವ ಕ್ರಮ ಮೇಲು ಎಂಬುದಕ್ಕಿಂತ ಎಲ್ಲರೂ ಒಂದು ಕ್ರಮವನ್ನು ಒಪ್ಪುವುದು ಮುಖ್ಯ ಎಂದು ಅವರು ವಾದಿಸಿದ್ದರು.

ಆ ಒಪ್ಪಿಗೆ ಆಗಲಿಲ್ಲ. ಅದರ ಬೆಲೆಯನ್ನು ಚಿತ್ರಗಳು ತೆತ್ತವು. ವಿಂಡೋಸ್‌ನ ಬಿಎಂಪಿ ಕಡತದಲ್ಲಿ ಒಂದು ಪಿಕ್ಸೆಲ್‌ನ ಬೈಟ್‌ಗಳು ನೀಲಿ, ಹಸಿರು, ಕೆಂಪು ಎಂಬ ಸಾಲಿನಲ್ಲಿರುತ್ತವೆ. ಕೆಂಪನ್ನು ಮೇಲಿನ ಸ್ಥಾನದಲ್ಲಿಟ್ಟು ಒಂದೇ ದೊಡ್ಡ ಸಂಖ್ಯೆಯಾಗಿ ಬರೆದುಕೊಂಡರೆ, ಚಿಕ್ಕ ಸ್ಥಾನ ಮೊದಲು ಬರುವ ಯಂತ್ರದ ಮೆಮೊರಿಯಲ್ಲಿ ನೀಲಿಯೇ ಮುಂದೆ ಬಂದು ಕೂರುತ್ತದೆ. ಬೇರೆ ಅನೇಕ ಕಡೆ ಸಾಲು ಕೆಂಪು, ಹಸಿರು, ನೀಲಿ. ಇನ್ನೂ ವಿಚಿತ್ರವೆಂದರೆ, ವಿಂಡೋಸ್‌ನೊಳಗೇ ಎರಡು ಸಾಲುಗಳಿದ್ದವು. ಚಿತ್ರದ ಪಿಕ್ಸೆಲ್‌ಗಳಲ್ಲಿ ನೀಲಿ ಮುಂದಾದರೆ, ಗೆರೆ ಎಳೆಯಲು ಅಥವಾ ಅಕ್ಷರಕ್ಕೆ ಬಣ್ಣ ಕೊಡಲು ಬಳಸುವ ಸಂಖ್ಯೆಯಲ್ಲಿ ಕೆಂಪು ಮುಂದು. ಒಂದರ ಅಂಕಿಯನ್ನು ಇನ್ನೊಂದಕ್ಕೆ ನೇರವಾಗಿ ಕೊಟ್ಟರೆ ಕೆಂಪು ಗೆರೆ ನೀಲಿಯಾಗುತ್ತದೆ.

ಕೆಂಪು ಮತ್ತು ನೀಲಿ ಅದಲು ಬದಲಾದಾಗ ಮನುಷ್ಯರ ಮುಖವೇ ಮೊದಲು ಹೇಳಿಬಿಡುತ್ತದೆ. ಚರ್ಮ ಯಾವ ಛಾಯೆಯದಾದರೂ ಅದರಲ್ಲಿ ಕೆಂಪಿನ ಅಂಕಿ ನೀಲಿಯ ಅಂಕಿಗಿಂತ ದೊಡ್ಡದು. ಸ್ಥಾನ ಬದಲಾದರೆ ಮುಖ ನೀಲಿಗಟ್ಟುತ್ತದೆ. ಹಸಿರು ನಡುವಿನಲ್ಲಿರುವುದರಿಂದ ಅದಕ್ಕೆ ಏನೂ ಆಗುವುದಿಲ್ಲ. ಹೀಗಾಗಿ ಗಿಡಮರ ಹೆಚ್ಚುಕಡಿಮೆ ಸರಿಯಾಗಿದ್ದು ಮುಖ ಮಾತ್ರ ನೀಲಿಯಾದರೆ, ಅನುಭವಸ್ಥರು ಕೋಡ್ ತೆರೆಯುವ ಮೊದಲೇ ಕಾರಣ ಊಹಿಸಬಲ್ಲರು. ಕಷ್ಟ ಕೊಡುವುದು ಬೂದು ಬಣ್ಣ. ಬೂದುವಿನಲ್ಲಿ ಮೂರೂ ಅಂಕಿಗಳು ಒಂದೇ. ಹೇಗೆ ತಿರುವಿದರೂ ಅದು ಬೂದುವೇ. ಕಪ್ಪು ಬಿಳುಪು ಚಿತ್ರದಲ್ಲಿ ಪರೀಕ್ಷೆ ಮಾಡಿ ಎಲ್ಲ ಸರಿಯಿದೆ ಎಂದುಕೊಂಡರೆ ತಪ್ಪು ಒಳಗೇ ಉಳಿದಿರುತ್ತದೆ. ಎರಡು ಕಡೆ ಅದಲು ಬದಲಾಗಿದ್ದರಂತೂ ಒಂದು ತಪ್ಪನ್ನು ಇನ್ನೊಂದು ಮುಚ್ಚಿಕೊಂಡು ಚಿತ್ರ ಸರಿಯಾಗಿಯೇ ಕಾಣುತ್ತದೆ. ವರ್ಷಗಳ ನಂತರ ಯಾರೋ ಪ್ರಾಮಾಣಿಕರು ಒಂದನ್ನು ತಿದ್ದಿದ ದಿನ ಮುಖಗಳೆಲ್ಲ ನೀಲಿಯಾಗುತ್ತವೆ.

ಈ ಗೊಂದಲಕ್ಕೆ ಆಗಲೇ ಒಂದು ಚೊಕ್ಕ ಪರಿಹಾರವೂ ಹುಟ್ಟಿತ್ತು. 1986ರಲ್ಲಿ ಆಲ್ಡಸ್ ಕಂಪನಿ ಸ್ಕ್ಯಾನ್ ಮಾಡಿದ ಚಿತ್ರಗಳಿಗಾಗಿ ಟಿಫ್ ಎಂಬ ಕಡತದ ರೂಪವನ್ನು ಹೊರತಂದಿತು. ಅದು ಯಾವ ಪಂಗಡದ ಪರವಾಗಿಯೂ ನಿಲ್ಲಲಿಲ್ಲ. ಕಡತದ ಮೊದಲ ಎರಡು ಬೈಟ್‌ಗಳಲ್ಲಿ ಇಂಗ್ಲಿಷಿನ ‘ಐ’ ಅಕ್ಷರ ಎರಡು ಸಲ ಇದ್ದರೆ ಇಂಟೆಲ್ ಕ್ರಮ, ‘ಎಂ’ ಎರಡು ಸಲ ಇದ್ದರೆ ಮೋಟೊರೋಲ ಕ್ರಮ. ಒಂದೇ ಅಕ್ಷರ ಎರಡು ಸಲ ಇರುವುದರಿಂದ ಯಾವ ಕಡೆಯಿಂದ ಓದಿದರೂ ಅದು ಬದಲಾಗುವುದಿಲ್ಲ. ಅದರ ಹಿಂದೆಯೇ 42 ಎಂಬ ಸಂಖ್ಯೆ. ಸರಿಯಾದ ಕ್ರಮದಲ್ಲಿ ಓದಿದರೆ 42 ಸಿಗುತ್ತದೆ, ತಿರುಗುಮುರುಗಾಗಿ ಓದಿದರೆ 10,752 ಸಿಗುತ್ತದೆ. ಓದುವವನು ತನ್ನ ತಪ್ಪನ್ನು ಬಾಗಿಲಲ್ಲೇ ತಿಳಿಯುತ್ತಾನೆ. ‘ನಾನು ಎಲ್ಲಿಯವನು, ನನ್ನನ್ನು ಹೇಗೆ ಓದಬೇಕು’ ಎಂದು ಕಡತವೇ ಮೊದಲು ಹೇಳಿಕೊಳ್ಳುವ ಈ ಪದ್ಧತಿಯನ್ನು ನೆನಪಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

ಎರಡನೆಯ ಒಪ್ಪಂದ ಅಳತೆಗೋಲಿನದು. 1987ರ ಮ್ಯಾಕಿಂಟಾಷ್ 2ರ ಜೊತೆ ಬಂದ ಕಲರ್ ಕ್ವಿಕ್‌ಡ್ರಾ ಎಂಬ ಚಿತ್ರ ವ್ಯವಸ್ಥೆಯಲ್ಲಿ ಪ್ರತಿ ಬಣ್ಣದ ಪಾಲು 0ಯಿಂದ 65,535ರವರೆಗೆ ಹೋಗುತ್ತಿತ್ತು. ವಿಂಡೋಸ್‌ನಲ್ಲಿ 0ಯಿಂದ 255. ಹಾಗಾದರೆ 255ನ್ನು ಮ್ಯಾಕ್‌ನ ಅಳತೆಗೆ ತರುವುದು ಹೇಗೆ? 256ರಿಂದ ಗುಣಿಸಿದರಾಯಿತು ಎಂದು ತಟ್ಟನೆ ಹೊಳೆಯುತ್ತದೆ. ಆಗ ಸಿಗುವುದು 65,280. ಅಚ್ಚ ಬಿಳಿಯಾಗಬೇಕಾದದ್ದು ಸ್ವಲ್ಪ ಕೆಳಗೇ ನಿಂತುಬಿಡುತ್ತದೆ. ಕಣ್ಣಿಗೆ ಅದು ಬಹುಶಃ ಕಾಣದು. ಆದರೆ ‘ಇದು ಬಿಳಿಯೋ ಅಲ್ಲವೋ’ ಎಂದು ಅಂಕಿ ಹೋಲಿಸಿ ನೋಡುವ ಪ್ರೋಗ್ರಾಂ ‘ಅಲ್ಲ’ ಎನ್ನುತ್ತದೆ, ಬಿಳಿ ಹಿನ್ನೆಲೆ ತೆಗೆಯಬೇಕಾದ ಕಡೆ ತೆಗೆಯದೆ ಬಿಡುತ್ತದೆ. ಗುಣಿಸಬೇಕಾದದ್ದು 257ರಿಂದ, ಆಗ 255 ಸರಿಯಾಗಿ 65,535 ಆಗುತ್ತದೆ. ಸೇರಿಗೂ ಲೀಟರಿಗೂ ಲೆಕ್ಕ ಹಾಕಿದ ಅಂಗಡಿಯವರಿಗೆ ಗೊತ್ತಿರುವ ಪಾಠವಿದು: ಎರಡು ಅಳತೆಗಳು ಹತ್ತಿರ ಹತ್ತಿರ ಇದ್ದಾಗಲೇ ಮೋಸ ಹೆಚ್ಚು.

ಮೂರನೆಯದು ಬಡತನದ ಕಾಲದ ಒಪ್ಪಂದ. 1990ರ ದಶಕದ ಮಧ್ಯದಲ್ಲಿ ವೆಬ್ ಜನರ ಬಳಿಗೆ ಬಂದಾಗ ಅನೇಕರ ಪರದೆಗಳು ಒಮ್ಮೆಗೆ 256 ಬಣ್ಣಗಳನ್ನಷ್ಟೇ ತೋರಿಸಬಲ್ಲವಾಗಿದ್ದವು. ಯಾವ 256 ಎಂಬುದು ಯಂತ್ರಕ್ಕೊಂದು ತೆರನಾಗಿತ್ತು. ಮ್ಯಾಕ್‌ನ ಪಟ್ಟಿ ಬೇರೆ. ವಿಂಡೋಸ್ ತನ್ನ ಕಿಟಕಿ, ಗುಂಡಿಗಳಿಗೆಂದು 20 ಬಣ್ಣಗಳನ್ನು ಮೊದಲೇ ಕಾಯ್ದಿರಿಸಿಕೊಂಡಿತ್ತು. ಪಟ್ಟಿಯಲ್ಲಿಲ್ಲದ ಬಣ್ಣವನ್ನು ಕೇಳಿದರೆ ಯಂತ್ರ ಅಕ್ಕಪಕ್ಕದ ಎರಡು ಬಣ್ಣಗಳ ಚುಕ್ಕಿಗಳನ್ನು ಬೆರೆಸಿ ಹೇಗೋ ತೋರಿಸುತ್ತಿತ್ತು. ನಯವಾದ ಹಿನ್ನೆಲೆ ರಾಗಿ ಚೆಲ್ಲಿದ ನೆಲದಂತಾಗುತ್ತಿತ್ತು. ಆಗ ಕಂಡುಕೊಂಡ ಉಪಾಯ, ಪ್ರತಿ ಬಣ್ಣಕ್ಕೂ ಆರೇ ಮೆಟ್ಟಿಲು ಇಟ್ಟುಕೊಳ್ಳುವುದು: 0, 51, 102, 153, 204, 255. ಆರರ ಘನ 216. ಈ 216 ಬಣ್ಣಗಳಿಗೆ ‘ವೆಬ್ ಸೇಫ್’ ಎಂಬ ಹೆಸರು ಬಂತು. ಹಲವು ವರ್ಷ ವೆಬ್ ವಿನ್ಯಾಸ ಕಲಿಯುವವರೆಲ್ಲ ಈ ಪಟ್ಟಿಯನ್ನು ಮಗ್ಗಿಯಂತೆ ಕಲಿತರು. ಇಬ್ಬರ ಜಗಳ ಬಗೆಹರಿಯದಿದ್ದಾಗ ಇಬ್ಬರಿಗೂ ಸಮ್ಮತವಾದಷ್ಟು ಮಾತನ್ನೇ ಆಡಿ ಉಳಿದದ್ದನ್ನು ನುಂಗಿಕೊಳ್ಳುವ ರೀತಿ ಇದು. ಅದೂ ಪೂರ್ತಿ ಫಲಿಸಲಿಲ್ಲ. ಸಾವಿರಾರು ಬಣ್ಣ ತೋರಿಸುವ 16 ಬಿಟ್ ಪರದೆಗಳು ಬಂದಾಗ ಅವುಗಳ ಮೆಟ್ಟಿಲುಗಳು ಈ ಆರು ಮೆಟ್ಟಿಲುಗಳಿಗೆ ಹೊಂದಲಿಲ್ಲ. 2000ರಲ್ಲಿ ವೆಬ್‌ಮಂಕಿ ಪತ್ರಿಕೆಯಲ್ಲಿ ಡೇವಿಡ್ ಲೆನ್ ಮತ್ತು ಹ್ಯಾಡ್ಲಿ ಸ್ಟರ್ನ್ ಪರೀಕ್ಷಿಸಿ ಬರೆದಂತೆ, ಎಲ್ಲ ಕಡೆಯೂ ನಂಬಬಹುದಾದವು 216ರಲ್ಲಿ 22 ಮಾತ್ರ.

ನಾಲ್ಕನೆಯ ಒಪ್ಪಂದ ಬೆಳಕಿನದು, ಎಲ್ಲಕ್ಕಿಂತ ಹೆಚ್ಚು ಕಾಲ ಕಾಡಿದ್ದೂ ಅದೇ. ಹಳೆಯ ಗಾಜಿನ ಕೊಳವೆಯ ಮಾನಿಟರುಗಳಲ್ಲಿ ಅಂಕಿ ಎರಡು ಪಟ್ಟಾದರೆ ಬೆಳಕು ಎರಡು ಪಟ್ಟಾಗುತ್ತಿರಲಿಲ್ಲ, ಅದಕ್ಕಿಂತ ಬಹಳ ಹೆಚ್ಚಾಗುತ್ತಿತ್ತು. ಈ ಏರಿಕೆಯ ಬಾಗನ್ನು ಗಾಮಾ ಎಂಬ ಒಂದು ಸಂಖ್ಯೆಯಿಂದ ಸೂಚಿಸುತ್ತಾರೆ. ಪಿಸಿಗಳಲ್ಲಿ ಅದು ಸುಮಾರು 2.2. ಆ್ಯಪಲ್ ಮಾತ್ರ ಪರದೆಯ ಮೇಲಿನ ಚಿತ್ರ ಮುದ್ರಣಕ್ಕೆ ಹತ್ತಿರವಾಗಿರಲೆಂದು ತನ್ನ ವ್ಯವಸ್ಥೆಯ ಗಾಮಾವನ್ನು 1.8ಕ್ಕೆ ಹೊಂದಿಸಿಕೊಂಡಿತ್ತು. ಅಚ್ಚಿನ ಮನೆಗಳಿಗೂ ಜಾಹೀರಾತು ಕಚೇರಿಗಳಿಗೂ ಅದು ಒಗ್ಗಿಹೋಗಿತ್ತು. ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಯಂತ್ರಗಳಿಗೆ ಇನ್ನೊಂದೇ ಲೆಕ್ಕವಿತ್ತು.

ಇದರ ಪರಿಣಾಮವನ್ನು ಒಂದು ಅಂಕಿಯಲ್ಲಿ ನೋಡಬಹುದು. 255ರ ಅಳತೆಯಲ್ಲಿ 128 ಎಂಬ ನಡುಬೂದುವನ್ನು ತೆಗೆದುಕೊಳ್ಳಿ. ಗಾಮಾ 2.2 ಇರುವಲ್ಲಿ ಅದು ಪೂರ್ಣ ಬೆಳಕಿನ ಸುಮಾರು ಶೇ. 22ರಷ್ಟು ಹೊಳೆಯುತ್ತದೆ. 1.8 ಇರುವಲ್ಲಿ ಸುಮಾರು ಶೇ. 29. ಅಂಕಿ ಒಂದೇ, ಬೆಳಕು ಬೇರೆ. ಮ್ಯಾಕ್‌ನಲ್ಲಿ ಕೂತು ತಿದ್ದಿದ ಚಿತ್ರ ವಿಂಡೋಸ್‌ನಲ್ಲಿ ಕಪ್ಪಾಗಿ ಕಾಣುತ್ತಿತ್ತು, ವಿಂಡೋಸ್‌ನ ಚಿತ್ರ ಮ್ಯಾಕ್‌ನಲ್ಲಿ ತೊಳೆದಂತೆ ತೆಳುವಾಗಿ ಕಾಣುತ್ತಿತ್ತು. ಕಪ್ಪೂ ಬಿಳಿಯೂ ಎರಡೂ ಕಡೆ ಸರಿಯಾಗಿಯೇ ಇರುತ್ತಿದ್ದುದರಿಂದ ಇದು ಬಗ್ ಎಂದು ತಿಳಿಯಲೂ ಹೊತ್ತು ಬೇಕಾಗುತ್ತಿತ್ತು. ಬದಲಾಗುತ್ತಿದ್ದುದು ನಡುವಿನ ನೆರಳುಗಳು. ಕೆನ್ನೆಯ ಇಳಿಜಾರು, ಸೀರೆಯ ಮಡಿಕೆ, ಕಣ್ಣಿನ ಕೆಳಗಿನ ದಣಿವು, ಚಿತ್ರಕ್ಕೆ ಜೀವ ಕೊಡುವುದೆಲ್ಲ ಆ ನಡುವಿನಲ್ಲೇ ಇರುತ್ತದೆ.

1996ರ ಅಕ್ಟೋಬರ್ 1ರಂದು ಡಬ್ಲ್ಯು3ಸಿ ಸಂಸ್ಥೆ ಅಂಗೀಕರಿಸಿದ ಪಿಎನ್‌ಜಿ ಎಂಬ ಚಿತ್ರದ ರೂಪ ಈ ರೋಗಕ್ಕೆ ಮದ್ದು ತಂದಿತು. ಟಿಫ್ ತನ್ನ ಬೈಟ್‌ಗಳ ಕ್ರಮವನ್ನು ಹೇಳಿಕೊಂಡಂತೆ, ಪಿಎನ್‌ಜಿ ಕಡತ ತಾನು ಯಾವ ಗಾಮಾಕ್ಕೆಂದು ತಯಾರಾದೆ ಎಂಬುದನ್ನು ಒಳಗಿನ ಒಂದು ಚಿಕ್ಕ ಚೀಟಿಯಲ್ಲಿ ಬರೆದಿಟ್ಟುಕೊಳ್ಳಬಹುದಿತ್ತು. ತೋರಿಸುವ ಯಂತ್ರ ಚೀಟಿ ಓದಿ ಲೆಕ್ಕ ಸರಿಮಾಡಿಕೊಳ್ಳಬೇಕು. ಇದಕ್ಕಿಂತ ಮರ್ಯಾದೆಯ ದಾರಿ ಇನ್ನೊಂದಿಲ್ಲ ಎನಿಸುತ್ತದೆ. ಆದರೆ ವೆಬ್ ಪುಟದಲ್ಲಿ ಚಿತ್ರ ಒಂಟಿಯಾಗಿ ಇರುವುದಿಲ್ಲ. ಅದರ ಸುತ್ತ ಪುಟದ ಹಿನ್ನೆಲೆಯ ಬಣ್ಣ ಇರುತ್ತದೆ, ಪಕ್ಕದಲ್ಲಿ ಚೀಟಿಯೇ ಇಲ್ಲದ ಬೇರೆ ಚಿತ್ರಗಳಿರುತ್ತವೆ. ಕೆಲವು ಬ್ರೌಸರುಗಳು ಪಿಎನ್‌ಜಿಯನ್ನು ಚೀಟಿಯಂತೆ ತಿದ್ದಿ, ಹಿನ್ನೆಲೆಯನ್ನು ಇದ್ದಂತೆಯೇ ಬಿಟ್ಟವು. ಎರಡಕ್ಕೂ ಒಂದೇ ಅಂಕಿ ಕೊಟ್ಟಿದ್ದರೂ ಚಿತ್ರದ ಸುತ್ತ ತೇಪೆ ಹಾಕಿದಂಥ ಚೌಕ ಕಾಣತೊಡಗಿತು. ಬೇಸತ್ತ ವಿನ್ಯಾಸಕಾರರು ಏನು ಮಾಡಿದರು? ಕಡತದಿಂದ ಆ ಚೀಟಿಯನ್ನೇ ಕಿತ್ತುಹಾಕಿದರು. ಅದಕ್ಕೆಂದೇ ಉಪಕರಣಗಳು ಬಳಕೆಗೆ ಬಂದವು. ನಿಜ ಹೇಳುತ್ತಿದ್ದ ಒಂದು ಕಡತವನ್ನು, ಉಳಿದವರು ಹೇಳುತ್ತಿಲ್ಲವೆಂಬ ಕಾರಣಕ್ಕೆ ಸುಮ್ಮನಾಗಿಸಿದ ಹಾಗಾಯಿತು. ಪುಟ ಚೆಂದ ಕಂಡಿತು. ಆ ಚಿತ್ರದ ಬಣ್ಣ ಏನಾಗಿತ್ತು ಎಂದು ತಿಳಿಯುವ ದಾರಿ ಮುಚ್ಚಿತು.

ಹೀಗೆ ಎರಡು ದಾರಿಗಳು ಸ್ಪಷ್ಟವಾದವು. ಪ್ರತಿ ಕಡತವೂ ತನ್ನ ಅರ್ಥವನ್ನು ತಾನೇ ಹೊತ್ತು ತರಲಿ ಎನ್ನುವುದು ಒಂದು. 1993ರಲ್ಲಿ ಎಂಟು ಕಂಪನಿಗಳು ಸೇರಿ ಕಟ್ಟಿದ ಇಂಟರ್‌ನ್ಯಾಷನಲ್ ಕಲರ್ ಕನ್ಸಾರ್ಶಿಯಂ ಈ ದಾರಿಯದು. ಪ್ರತಿ ಪರದೆಗೂ, ಪ್ರತಿ ಮುದ್ರಣ ಯಂತ್ರಕ್ಕೂ, ಪ್ರತಿ ಚಿತ್ರಕ್ಕೂ ಅದರ ಅಂಕಿಗಳ ಅರ್ಥ ಬಿಡಿಸಿ ಹೇಳುವ ಪ್ರೊಫೈಲ್ ಇರಬೇಕೆಂದು ಅದು ನಿಗದಿ ಮಾಡಿತು. ಏನೂ ಹೇಳದಿದ್ದರೆ ಇಂಥದೇ ಅರ್ಥ ಎಂದು ಎಲ್ಲರೂ ಒಪ್ಪಿಕೊಂಡುಬಿಡೋಣ ಎನ್ನುವುದು ಇನ್ನೊಂದು ದಾರಿ. ಹ್ಯೂಲೆಟ್ ಪ್ಯಾಕಾರ್ಡ್ ಮತ್ತು ಮೈಕ್ರೋಸಾಫ್ಟ್ 1996ರಲ್ಲಿ ಮುಂದಿಟ್ಟ ಎಸ್‌ಆರ್‌ಜಿಬಿ ಈ ಎರಡನೆಯದು. ಆಗಿನ ಸಾಮಾನ್ಯ ಪಿಸಿ ಮಾನಿಟರು ಹೇಗೆ ತೋರಿಸುತ್ತಿತ್ತೋ ಹೆಚ್ಚುಕಡಿಮೆ ಅದನ್ನೇ ಅದು ನಿಯಮವಾಗಿ ಬರೆದಿಟ್ಟಿತು. 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವೂ ಆಯಿತು. ಕೊನೆಗೆ 2009ರ ಆಗಸ್ಟ್‌ನಲ್ಲಿ ಸ್ನೋ ಲೆಪರ್ಡ್ ಎಂಬ ಆವೃತ್ತಿಯೊಂದಿಗೆ ಆ್ಯಪಲ್ ತನ್ನ 1.8ನ್ನು ಬಿಟ್ಟು 2.2ಕ್ಕೆ ಬಂತು. ಕಾಲು ಶತಮಾನದ ಮನೆಯ ಪದ್ಧತಿಯನ್ನು ಬಿಟ್ಟು ಊರಿನ ಪದ್ಧತಿಗೆ ಬಂದ ಹಾಗೆ. ಎರಡನೆಯ ದಾರಿ ಗೆದ್ದದ್ದು ಅದು ಹೆಚ್ಚು ನಿಖರ ಎಂಬ ಕಾರಣಕ್ಕಲ್ಲ. ಸುಮ್ಮನಿರುವ ಕಡತಗಳೇ ಲೋಕದಲ್ಲಿ ಹೆಚ್ಚು, ಅವುಗಳ ಮೌನಕ್ಕೂ ಅದು ಒಂದು ಅರ್ಥ ಕೊಟ್ಟಿತು.

ತಪ್ಪುಗಳೆಲ್ಲ ಹೀಗೆ ಸರಿಹೋದವೇ? ಎಲ್ಲವೂ ಇಲ್ಲ. ಕೆಲವು ತಪ್ಪುಗಳು ಶಾಸ್ತ್ರವೇ ಆದವು. ಎರಡು ಉದಾಹರಣೆ ಸಾಕು.

ಮೊದಲನೆಯದು ಹೆಸರುಗಳದು. ಯುನಿಕ್ಸ್ ಯಂತ್ರಗಳ ಎಕ್ಸ್11 ಎಂಬ ಕಿಟಕಿ ವ್ಯವಸ್ಥೆಯಲ್ಲಿ ಬಣ್ಣಗಳಿಗೆ ಹೆಸರಿಡುವ ಒಂದು ಪಟ್ಟಿ ಇತ್ತು. ಅದರ ಪ್ರಕಾರ ‘ಗ್ರೇ’ ಎಂದರೆ 190, ‘ಡಾರ್ಕ್ ಗ್ರೇ’ ಎಂದರೆ 169. ಕಡು ಬೂದು ಬೂದುವಿಗಿಂತ ಕಡುವಾಗಿಯೇ ಇತ್ತು. ಅತ್ತ ಎಚ್‌ಟಿಎಂಎಲ್ ಭಾಷೆ ವಿಂಡೋಸ್‌ನ 16 ಬಣ್ಣಗಳ ಪಟ್ಟಿಯಿಂದ ಹೆಸರು ತೆಗೆದುಕೊಂಡಿತು. ಅಲ್ಲಿ ‘ಗ್ರೇ’ ಎಂದರೆ 128. ಮುಂದೆ ಎರಡೂ ಪಟ್ಟಿಗಳನ್ನು ಕೂಡಿಸುವ ಕಾಲ ಬಂದಾಗ, ಒಂದೇ ಹೆಸರಿಗೆ ಎರಡು ಅರ್ಥವಿದ್ದ ಕಡೆ ಎಚ್‌ಟಿಎಂಎಲ್‌ನ ಅರ್ಥವನ್ನು ಉಳಿಸಿಕೊಂಡರು, ಉಳಿದ ಹೆಸರುಗಳನ್ನು ಎಕ್ಸ್11ನಿಂದ ಇದ್ದಂತೆಯೇ ತಂದರು. ಪರಿಣಾಮವಾಗಿ ಇಂದಿಗೂ ವೆಬ್‌ನಲ್ಲಿ ‘ಡಾರ್ಕ್ ಗ್ರೇ’ 169, ‘ಗ್ರೇ’ 128. ಕಡು ಬೂದು ಬೂದುವಿಗಿಂತ ತಿಳಿಯಾಗಿದೆ! 2011ರ ಡಬ್ಲ್ಯು3ಸಿ ಶಿಫಾರಸಿನಲ್ಲಿಯೂ ಹಾಗೆಯೇ ಇದೆ. ತಿದ್ದಿದರೆ ಈಗಾಗಲೇ ಬರೆದ ಅಸಂಖ್ಯ ಪುಟಗಳ ಬಣ್ಣ ಬದಲಾಗುತ್ತದೆ. ಇಬ್ಬರ ಭಾಷೆಯನ್ನು ಕೂಡಿಸುವಾಗ ಉಳಿದ ಹೊಲಿಗೆಯ ಗುರುತದು, ಯಾರೂ ಬಿಚ್ಚಲಾರರು.

ಎರಡನೆಯದು ಫೋಟೋಶಾಪ್‌ನ ಕತೆ. ಥಾಮಸ್ ನಾಲ್ ಮತ್ತು ಜಾನ್ ನಾಲ್ ಸಹೋದರರ ಈ ಸಾಫ್ಟ್‌ವೇರ್ 1990ರಲ್ಲಿ ಮ್ಯಾಕ್‌ಗೆ ಮಾತ್ರ ಬಂದಿತ್ತು, ವಿಂಡೋಸ್‌ಗೆ ದಾಟಿದ್ದು 1993ರಲ್ಲಿ. 1998ರ ಐದನೆಯ ಆವೃತ್ತಿಯಲ್ಲಿ ಅದಕ್ಕೆ ಹೊಸ ಬಣ್ಣದ ವ್ಯವಸ್ಥೆ ಸೇರಿತು. ಅದರಲ್ಲಿದ್ದ ಪ್ರೊಫೈಲ್‌ಗಳಲ್ಲಿ ಒಂದು, ಟೆಲಿವಿಷನ್ ತಂತ್ರಜ್ಞರ ಎಸ್‌ಎಂಪಿಟಿಇ 240ಎಂ ಎಂಬ ಮಾನಕದ್ದೆಂದು ಹೆಸರು ಹೊತ್ತಿತ್ತು. ಆಮೇಲೆ ತಿಳಿದದ್ದೇನೆಂದರೆ, ಅದಕ್ಕೆ ಬಳಸಿದ ಸಂಖ್ಯೆಗಳು ಮಾನಕದ ನಿಜವಾದ ಸಂಖ್ಯೆಗಳಾಗಿರಲಿಲ್ಲ. ಅದೇ ದಾಖಲೆಯಲ್ಲಿ ಆದರ್ಶವೆಂದು ವಿವರಿಸಿದ್ದ ಬೇರೆ ಸಂಖ್ಯೆಗಳವು. ಸಾಲದ್ದಕ್ಕೆ ಕೆಂಪಿನ ಬೆಲೆಯನ್ನು ನಕಲು ಮಾಡುವಾಗಲೂ ಒಂದು ತಪ್ಪು ನುಸುಳಿತ್ತು. ಅಡೋಬಿ ಅದನ್ನು ತಿದ್ದಿ ಮುಗಿಸಬಹುದಿತ್ತು. ಆದರೆ ಅಷ್ಟರಲ್ಲಿ ಬಳಕೆದಾರರಿಗೆ ಆ ತಪ್ಪೇ ಇಷ್ಟವಾಗಿಬಿಟ್ಟಿತ್ತು. ಮುದ್ರಣದಲ್ಲಿ ಬರುವ ಕೆಲವು ಹಸಿರು ಹಾಗೂ ಹಸಿರುನೀಲಿಗಳು ಎಸ್‌ಆರ್‌ಜಿಬಿಯಲ್ಲಿ ಹಿಡಿಸುತ್ತಿರಲಿಲ್ಲ, ಇದರಲ್ಲಿ ಹಿಡಿಸುತ್ತಿದ್ದವು. ಕೊನೆಗೆ ಕಂಪನಿ ಅಂಕಿಗಳನ್ನು ಹಾಗೆಯೇ ಬಿಟ್ಟು ಹೆಸರನ್ನು ಮಾತ್ರ ಬದಲಿಸಿತು: ಅಡೋಬಿ ಆರ್‌ಜಿಬಿ (1998). ಇವತ್ತು ಒಳ್ಳೆಯ ಕ್ಯಾಮೆರಾಗಳ ಆಯ್ಕೆಗಳಲ್ಲಿ ಆ ಹೆಸರು ಕಾಣುತ್ತದೆ. ಓಲೆಗರಿ ನಕಲು ಮಾಡುವವನ ಕೈತಪ್ಪೊಂದು ಪಾಠಾಂತರವಾಗಿ, ಕಾಲಾಂತರದಲ್ಲಿ ಅದೇ ಸೊಗಸೆಂದು ಓದುಗರು ಒಪ್ಪಿಕೊಂಡ ಹಾಗೆ.

ಈ ಎರಡು ಕತೆಗಳಲ್ಲಿ ಒಂದು ವ್ಯತ್ಯಾಸವಿದೆ. ಅಡೋಬಿಯ ತಪ್ಪಿನಿಂದ ಕೆಡುಕಾಗಲಿಲ್ಲ, ಏಕೆಂದರೆ ಅದಕ್ಕೆ ಅದರದೇ ಹೆಸರು ಸಿಕ್ಕಿತು. ಪ್ರೊಫೈಲ್ ಜೊತೆಗಿದ್ದರೆ ಅದು ಯಾವ ಯಂತ್ರದಲ್ಲಾದರೂ ಸರಿಯಾಗಿ ಕಾಣುತ್ತದೆ. ಅದೇ ಚಿತ್ರದಿಂದ ಪ್ರೊಫೈಲ್ ಕಳಚಿ ಹೋದರೆ, ತೋರಿಸುವ ಯಂತ್ರ ಅದನ್ನು ಎಸ್‌ಆರ್‌ಜಿಬಿ ಎಂದುಕೊಳ್ಳುತ್ತದೆ, ಬಣ್ಣಗಳು ಕಳೆಗುಂದುತ್ತವೆ. ಬಣ್ಣದ ಬಗ್ ಸರಿಮಾಡುವುದೆಂದರೆ ಹೆಚ್ಚಿನ ಸಲ ಅಂಕಿಯನ್ನು ತಿದ್ದುವುದಲ್ಲ, ಅಂಕಿಯ ಪಕ್ಕದಲ್ಲಿ ಅದರ ಅರ್ಥವನ್ನು ಬರೆಯುವುದು. ಹಾಗೆ ಬರೆಯದೆ ಕಣ್ಣಿಗೆ ಚೆಂದ ಕಾಣುವವರೆಗೆ ಅಂಕಿಗಳನ್ನು ಅತ್ತಿತ್ತ ಸರಿಸಿದ ಪ್ರತಿ ತಿದ್ದುಪಡಿಯೂ, ಒಂದು ಪರದೆಯ ಮುಂದೆ ಸರಿಯಾಗಿ ಹತ್ತು ಪರದೆಗಳ ಮುಂದೆ ಹೊಸ ಬಗ್ ಆಗಿದೆ.

ಕನ್ನಡ ಓದುಗರಿಗೆ ಇದರಲ್ಲಿ ಹೊಸತೇನೂ ಕಾಣದಿರಬಹುದು. ಯುನಿಕೋಡ್ ಬಳಕೆಗೆ ಬರುವ ಮುಂಚೆ ನಾವು ನುಡಿ, ಬರಹ, ಶ್ರೀಲಿಪಿಗಳಲ್ಲಿ ಟೈಪ್ ಮಾಡಿದ ಕಡತಗಳನ್ನು ನೆನಪಿಸಿಕೊಳ್ಳಿ. ಅಲ್ಲೂ ಕಡತದೊಳಗೆ ಇದ್ದದ್ದು ಅಂಕಿಗಳೇ. ಯಾವ ಅಂಕಿಗೆ ಯಾವ ಕನ್ನಡ ಅಕ್ಷರದ ತುಣುಕು ಎಂಬುದು ಫಾಂಟ್‌ಗೆ ಮಾತ್ರ ಗೊತ್ತಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕವಿತೆಯ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ರಾಶಿ. ಒಂದು ಅಂಕಿಯೂ ಕಳೆದಿರಲಿಲ್ಲ, ಒಂದು ಪದವೂ ಉಳಿದಿರಲಿಲ್ಲ. 1991ರಲ್ಲಿ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತಾದರೂ ನಮ್ಮ ಪುಸ್ತಕ, ಪತ್ರಿಕೆಗಳು ಅದಕ್ಕೆ ಹೊರಳಲು ಬಹಳ ವರ್ಷ ಹಿಡಿಯಿತು. ಅಕ್ಷರದ ವಿಷಯದಲ್ಲಿ ತಪ್ಪು ತಕ್ಷಣ ತಿಳಿಯುತ್ತದೆ, ಏಕೆಂದರೆ ಓದಲು ಆಗುವುದೇ ಇಲ್ಲ. ಬಣ್ಣ ಹಾಗಲ್ಲ. ಬೂದು ಸ್ವಲ್ಪ ಕಪ್ಪಾದರೂ, ಕೆಂಪು ಸ್ವಲ್ಪ ಕಂದಿದರೂ ಚಿತ್ರ ಚಿತ್ರವಾಗಿಯೇ ಕಾಣುತ್ತದೆ. ನೋಡುವವನಿಗೆ ಅನುಮಾನವೇ ಬಾರದು.

ಈಗ ಹಳೆಯ ಓಲೆಗರಿ, ಕಡತ, ಚಿತ್ರಪಟ, ಛಾಯಾಚಿತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿಡುವ ಕೆಲಸ ಹಲವು ಕಡೆ ನಡೆಯುತ್ತಿದೆ. ಮೂಲ ಪ್ರತಿಯನ್ನು ಹುಳು ತಿಂದ ಮೇಲೆ ಈ ಅಂಕಿಗಳೇ ಮೂಲ. ಶಾಯಿ ಕಪ್ಪಾಗಿತ್ತೋ ಕಂದಾಗಿತ್ತೋ, ಪಕ್ಕದ ಟಿಪ್ಪಣಿ ಅದೇ ಕೈಯದೋ ಬೇರೆ ಕಾಲದ್ದೋ ಎಂಬ ಪ್ರಶ್ನೆಗೆ ಬಣ್ಣವೂ ಒಂದು ಸಾಕ್ಷಿ. ಪ್ರೊಫೈಲ್ ಇಲ್ಲದೆ ಉಳಿಸಿದ ಚಿತ್ರ ಆ ಸಾಕ್ಷಿಯನ್ನು ಅರ್ಧ ಮಾತ್ರ ಹೇಳುತ್ತದೆ. ಇದಕ್ಕೆ ಬೇಕಾದ ಉಪಾಯವೂ ದೊಡ್ಡದಲ್ಲ. 1976ರಲ್ಲಿ ಬಂದ ಕಲರ್‌ಚೆಕರ್ ಎಂಬ 24 ಚೌಕಗಳ ರಟ್ಟಿನಂಥ ಒಂದು ಬಣ್ಣದ ಪಟ್ಟಿಯನ್ನು ಗರಿಯ ಪಕ್ಕದಲ್ಲಿಟ್ಟು ಚಿತ್ರ ತೆಗೆದರೆ ಸಾಕು. ಆ ಚೌಕಗಳ ನಿಜವಾದ ಬಣ್ಣ ಮೊದಲೇ ಅಳೆದು ಗೊತ್ತಿರುವುದರಿಂದ, ಐವತ್ತು ವರ್ಷದ ನಂತರ ಯಾವುದೋ ಹೊಸ ಯಂತ್ರದಲ್ಲಿ ಅದನ್ನು ತೆರೆದವರು ಪಟ್ಟಿಯನ್ನು ನೋಡಿ ಗರಿಯ ಬಣ್ಣವನ್ನು ಲೆಕ್ಕ ಹಾಕಬಲ್ಲರು. ಆದ್ದರಿಂದ ಸಂಗ್ರಹಾಲಯದ ಚಿತ್ರಗಳಲ್ಲಿ ಮೂಲೆಯಲ್ಲಿ ಆ ಚೌಕಗಳ ಸಾಲು ಕಂಡರೆ ಅಡ್ಡವೆಂದು ಕತ್ತರಿಸಬೇಡಿ. ಉಳಿದ ಅಂಕಿಗಳಿಗೆಲ್ಲ ಅರ್ಥ ಕೊಡುವ ಚೀಟಿ ಅದು.